ಬಾಗಿಲು ಹಾಕಿ ತೂಗಿದ ರೇಷ್ಮೆ

ಒಂದೂವರೆ ಅಂಗುಲದ ಕಬ್ಬಿಣದ ಮೊಳೆ, ತುದಿ ಸ್ವಲ್ಪ ಸೊಟ್ಟ. ಹಳೆಯ ಸೀರೆಯಂಚಿನ ಚೂರಿನಲ್ಲಿ ಅದನ್ನು ಸುತ್ತಿ ಅಜ್ಜಿ ನನ್ನ ಲಂಗದ ಲಾಡಿಗೆ ಕಟ್ಟಿದ್ದಳು. ಬೆವರಿಗೆ ಮೊಳೆ ತುಕ್ಕು ಹಿಡಿದು ಲಂಗದ ಎಡಸೊಂಟದ ಮೇಲೆ ಕಂದು ಕಲೆಯಾಯಿತು. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗಲಿಲ್ಲ. ಲಂಗ ಹಾಳಾಯಿತೆಂದು ಅವ್ವ ಅಜ್ಜಿಯನ್ನು ಬೈದಳು. "ಮಗೀಗಿಂತ ಲಂಗ ಎಚ್ಚಾ ನಿಂಗೆ?" ಎಂದು ಅಜ್ಜಿ ಅವ್ವನನ್ನು ಬೈದಳು. ಮೊಳೆ ಮಾತ್ರ ಅಲ್ಲೇ ಉಳಿಯಿತು.

ಕೊಳ್ಳೇಗಾಲದ ನೇಕಾರರ ಬೀದಿಗಳಲ್ಲಿ ಆಗ ಮಕ್ಕಳನ್ನು ಕಾಪಾಡುವುದೆಂದರೆ ಹೀಗೆ. ನನಗೆ ಹತ್ತು ವರ್ಷ, ತಂಗಿ ಗಿರಿಜಳಿಗೆ ಏಳು. ದಸರಾ ರಜೆ, ಸೀತಾಫಲದ ಕಾಲ. ಮನೆಮನೆಯಲ್ಲೂ ರಾಗಿಹುಲ್ಲಿನೊಳಗೆ ಹಣ್ಣು ಮಾಗುವ ವಾಸನೆ, ಅದರ ಜೊತೆಗೆ ಬಣ್ಣ ಹಾಕಿದ ರೇಷ್ಮೆಯ ಹಸಿ ವಾಸನೆ, ಮಧ್ಯಾಹ್ನವಾದರೆ ಉಪ್ಸಾರಿನ ಖಾರ ಅರೆಯುವ ವಾಸನೆ. ದೀಪಾವಳಿಗೆ ಸೀರೆ ಇಳಿಸಬೇಕೆಂದು ಮಗ್ಗಗಳಿಗೆ ಬಿಡುವಿರಲಿಲ್ಲ. ನಾವು ಜಗಲಿಯ ಮೇಲೆ ಕಲ್ಲಾಟ ಆಡುತ್ತಿದ್ದೆವು. ಬೀದಿಗಿಳಿದು ಕುಂಟೆಬಿಲ್ಲೆ ಆಡುವಂತಿರಲಿಲ್ಲ. ಮಕ್ಕಳ ಕಳ್ಳರು ಬಂದಿದ್ದರಲ್ಲ!

ಎಲ್ಲೋ ಹೊಳೆಗೆ ಸೇತುವೆ ಕಟ್ಟುತ್ತಿದ್ದಾರಂತೆ, ಕಂಬ ನಿಲ್ಲುತ್ತಿಲ್ಲವಂತೆ, ಮಕ್ಕಳನ್ನು ಬಲಿ ಕೊಡಬೇಕಂತೆ, ಅದಕ್ಕೆ ಗೋಣಿಚೀಲ ಹೊತ್ತವರು ಊರೂರು ತಿರುಗುತ್ತಿದ್ದಾರಂತೆ. ಯಾವ ಹೊಳೆ, ಯಾವ ಸೇತುವೆ ಎಂದು ಕೇಳಿದರೆ ಉತ್ತರವಿಲ್ಲ. ರಾಮಾಪುರದಲ್ಲಿ ಒಂದು ಮಗು ಹೋಯಿತು ಎಂದು ನಮ್ಮ ಬೀದಿಯಲ್ಲಿ ಹೇಳುತ್ತಿದ್ದರು. ರಾಮಾಪುರದಿಂದ ಬಂದವರು, ನಮ್ಮೂರಲ್ಲಲ್ಲ, ಯಳಂದೂರಿನಲ್ಲಿ ಎನ್ನುತ್ತಿದ್ದರು. ಯಳಂದೂರಿನ ನಮ್ಮ ಅತ್ತೆ ಬಂದವಳೇ, "ನಿಮ್ ಕೊಳ್ಳೇಗಾಲದಲ್ಲೇ ಅಂತಲ್ಲ!" ಎಂದು ನಮ್ಮನ್ನು ತಬ್ಬಿಕೊಂಡು ಅತ್ತಳು.

ಚಿಕ್ಕಪ್ಪ ಮೈಸೂರಿನಲ್ಲಿ ಒಂದಷ್ಟು ದಿನ ಗರಡಿಗೆ ಹೋಗಿ ಬಂದವನು. ನಮಗೆ ಆತ್ಮರಕ್ಷಣೆ ಕಲಿಸುವ ಹೊಣೆ ಅವನೇ ಹೊತ್ತುಕೊಂಡ. ಖಾಲಿ ಗೋಣಿಚೀಲ ಹಿಡಿದು ಹಿತ್ತಲಿನಲ್ಲಿ ನಿಂತ.

"ನಾನೇ ಕಳ್ಳ ಅನ್ಕೊಳಿ. ಇಂಗೆ ಚೀಲ ಆಕ್ತೀನಿ. ಏನ್ ಮಾಡೀರಿ?"

"ಕಿರಿಚ್ಕತೀವಿ."

"ಆಮೇಲೆ?"

"ಕಚ್ತೀವಿ."

"ಎಲ್ಲಿ, ಕಚ್ಚು ನೋಡನ ಗಿರಿಜಾ."

ಗಿರಿಜ ಕಚ್ಚಿದಳು. ಅವಳು ಯಾವ ಕೆಲಸವನ್ನೂ ಅರ್ಧ ಮಾಡುವವಳಲ್ಲ.

"ಬುಡೇ! ಲೇ, ಬುಡೇ! ನಾನು ಕಣೆ, ಚಿಕ್ಕಪ್ಪ!"

"ಕಳ್ಳ ಅಂತ ನೀನೇ ಅಂದ್ಯಲ್ಲ" ಎಂದಳು, ಬಾಯಿ ಒರೆಸಿಕೊಂಡು. ಅಜ್ಜಿ ನಕ್ಕ ರಭಸಕ್ಕೆ ಎಲೆಯಡಿಕೆ ಸೀರೆಯ ಮೇಲೆ ಬಿತ್ತು. ಚಿಕ್ಕಪ್ಪ ಎರಡು ದಿನ ಅರಿಸಿನ ಮೆತ್ತಿಕೊಂಡು ಓಡಾಡಿದ.

ಅವನು ಮಾಡಿದ ಇನ್ನೊಂದು ಕೆಲಸಕ್ಕೆ ಅರ್ಥವಿತ್ತು. ಮಗ್ಗಗಳು ನಡೆಯುವಾಗ ನಮ್ಮ ಬೀದಿಯಲ್ಲಿ ಪಕ್ಕದ ಮನೆಯವರು ಕೂಗಿಕೊಂಡರೂ ಕೇಳುವುದಿಲ್ಲ. ಇನ್ನು ಮಕ್ಕಳ ಕಿರುಚಾಟ ಯಾರಿಗೆ ಕೇಳಬೇಕು? ಎತ್ತಿನ ಗಾಡಿಯ ಚಕ್ರದ ಪಟ್ಟಿಯ ತುಂಡೊಂದನ್ನು ತಂದು, ನಮಗೆಲ್ಲ ರೇಷ್ಮೆ ಕೊಡುವ ಸಾಹುಕಾರರ ಅಂಗಡಿಯ ಎದುರಿನ ಹೊಂಗೆಮರಕ್ಕೆ ಮಕ್ಕಳ ಕೈಗೂ ಎಟುಕುವಂತೆ ತೂಗುಹಾಕಿದ. ಕಳ್ಳನನ್ನು ಕಂಡವರು ಅದನ್ನು ಬಾರಿಸಬೇಕು. ಸದ್ದು ಕೇಳಿದ ತಕ್ಷಣ ಎಲ್ಲರೂ ಮಗ್ಗ ನಿಲ್ಲಿಸಿ, ಕಾಲು ಇಳಿಬಿಟ್ಟು ಕೂತ ಮಗ್ಗದ ಗುಂಡಿಯಿಂದ ಎದ್ದು, ಕೈಗೆ ಸಿಕ್ಕಿದ್ದನ್ನು ಹಿಡಿದು ಓಡಿಬರಬೇಕು. ಇಡೀ ಬೀದಿ ಇದಕ್ಕೆ ಒಪ್ಪಿತು.

ಇಷ್ಟೆಲ್ಲ ಕಾವಲಿನ ನಡುವೆ ನಮ್ಮ ಬೀದಿಯ ಹಳೆಯ ವಾಡಿಕೆಯೊಂದು ನಿಶ್ಚಿಂತೆಯಿಂದ ನಡೆದುಕೊಂಡು ಬರುತ್ತಿತ್ತು. ಮಗ್ಗಕ್ಕೆ ಹೂಡಿದ ಉದ್ದೆಳೆಗಳ ಒಂದು ಹಾಸು ನೇಯ್ದು ಮುಗಿದು, ಮುಂದಿನ ಹಾಸಿನ ರೇಷ್ಮೆ ತರುವಾಗ, ಮನೆಯ ಚಿಕ್ಕ ಹೆಣ್ಣುಮಕ್ಕಳಲ್ಲಿ ಯಾರಾದರೂ ತಲೆಗೆ ನೀರು ಹಾಕಿಕೊಂಡು, ಹೂ ಮುಡಿದು, ಒಬ್ಬಳೇ ಹೋಗಿ ನೂಲಿನ ಮೊದಲ ಸುರುಳಿಯನ್ನು, ಮೊದಲ ಲಡಿಯನ್ನು ತರಬೇಕು. ಲಕ್ಷ್ಮಿ ತಾನಾಗಿ ನಡೆದು ಬಂದಂತೆ, ಆ ಮಗ್ಗದಲ್ಲಿ ಎಳೆ ಕಡಿಯುವುದಿಲ್ಲ ಎಂದು ನಂಬಿಕೆ. ಸಾಹುಕಾರರು ಹೆಚ್ಚಾಗಿ ಊರಲ್ಲಿರುತ್ತಿರಲಿಲ್ಲ. ಒಳಕೋಣೆಯಲ್ಲಿ ಕೂತು ರೇಷ್ಮೆ ತೂಗಿಕೊಡುವವನೊಬ್ಬನಿದ್ದ. ಬೀದಿಗೆಲ್ಲ ಅವನು ತಕ್ಕಡಿ ಮಾಮ. ಕೋಣೆಯ ಬಾಗಿಲು ಹಾಕಿಯೇ ತೂಗುವುದು. ರೇಷ್ಮೆಯ ತಕ್ಕಡಿ ಬಹಳ ಸೂಕ್ಷ್ಮ, ಬೀದಿಯ ಗಾಳಿ ಬಂದರೆ ತಟ್ಟೆ ಅಲ್ಲಾಡುತ್ತದೆ. ಇದು ಸುಳ್ಳಲ್ಲ. ಕಸುಬು ಬಲ್ಲವರು ಯಾರೂ ಆ ಬಾಗಿಲನ್ನು ಪ್ರಶ್ನಿಸುವಂತಿರಲಿಲ್ಲ.

ಬಾಗಿಲು ಹಾಕಿದ ಮೇಲೆ ಅವನು ನನ್ನ ಕೈ ಹಿಡಿದು ಹತ್ತಿರ ಎಳೆದುಕೊಳ್ಳುತ್ತಿದ್ದ. ಬಿಡಿ ಎಂದರೆ ಬಿಡುತ್ತಿರಲಿಲ್ಲ. ನಶ್ಯದ ವಾಸನೆ. "ಮನೇಲಿ ಏಳ್ಬೇಡ, ಏಳುದ್ರೆ ರೇಸ್ಮೆ ಕೊಡಕ್ಕಿಲ್ಲ" ಎನ್ನುತ್ತಿದ್ದ. ಇಷ್ಟು ಬರೆದರೆ ಸಾಕು. ಹಿಂದಿನ ಎರಡು ಹಾಸಿನ ರೇಷ್ಮೆಗೂ ನಾನೇ ಹೋಗಿದ್ದೆ. ಎರಡನೆಯ ಸಲ ಹೇಗೋ ಕೊಸರಿಕೊಂಡು ಓಡಿಬಂದಿದ್ದೆ. ಲಡಿ ಮಣ್ಣಿಗೆ ಬಿತ್ತೆಂದು ಮನೆಯಲ್ಲಿ ಏಟು ತಿಂದಿದ್ದೆ.

ಆ ರಜೆಯಲ್ಲಿ ಮತ್ತೆ ಹಾಸು ಮುಗಿಯುತ್ತ ಬಂತು. ಅವ್ವ ರಾಟೆಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಾಗ ಹೋಗಿ ಹೇಳಿದೆ.

"ಅವ್ವ, ರೇಸ್ಮೆ ತರಕ್ಕೆ ನಾ ಓಗಕ್ಕಿಲ್ಲ."

"ಯಾಕಮ್ಮಿ?"

"ಮಾಮ ಬಾಗ್ಲಾಕ್ಕಂಡು ಕೈ ಬುಡಕ್ಕಿಲ್ಲ."

"ಬಾಗ್ಲಾಕ್ದೆ ತೂಗಕ್ಕಾದದಾ? ಗಾಳಿಗೆ ತಕ್ಕಡಿ ಆಡ್ತದೆ."

"ಕೈ ಬುಡಕ್ಕಿಲ್ಲ ಅಂದೆ."

"ಪ್ರೀತಿ ಕಣೆ ಅದು. ತೊಟ್ಲಲ್ಲಿ ತೂಗ್ದೋರು ನಿನ್ನ. ದೊಡ್ಡೋರ ಮ್ಯಾಲೆ ಇಂಗೆಲ್ಲ ಏಳ್ಬಾರ್ದು. ಓಗಿ ಆ ಮೊಳೆ ಗಟ್ಟಿಯಾಗ್ ಅದಾ ನೋಡ್ಕೊ, ಲಾಡಿ ಸಡಿಲಾದಂಗದೆ."

ಮೊಳೆ ಗಟ್ಟಿಯಾಗಿಯೇ ಇತ್ತು.

ಕಳ್ಳ ಸಿಕ್ಕಿದ್ದು ಅದೇ ವಾರ. ಹೂಗ್ಯಂ ಕಡೆಯ ಮುದುಕರೊಬ್ಬರು ಪ್ರತಿವರ್ಷ ಸೀತಾಫಲ ತರುತ್ತಿದ್ದರು. ಆದರೆ ಯಾವಾಗಲೂ ಬುಟ್ಟಿಯಲ್ಲಿ. ಆ ಸಲ ಬುಟ್ಟಿ ಮುರಿದಿತ್ತೋ ಏನೋ, ಗೋಣಿಚೀಲದಲ್ಲಿ ಹೊತ್ತು ತಂದರು. ಗಿರಿಜಳನ್ನು ಕಂಡು "ಬಾ ಮಗ, ಅಣ್ ಕೊಡ್ತೀನಿ" ಎಂದರು. ಅಷ್ಟು ಸಾಕಾಯಿತು. ಕಬ್ಬಿಣದ ಪಟ್ಟಿ ಬಡಿದುಕೊಂಡಿತು. ಒಂದೊಂದಾಗಿ ಮಗ್ಗಗಳು ನಿಂತವು. ದೊಣ್ಣೆ, ಒನಕೆ, ಮಗ್ಗದ ಕೋಲು ಹಿಡಿದು ಬೀದಿಯೇ ಓಡಿಬಂತು.

"ಅಣ್ಣು ಕಣ್ರಪ್ಪೋ! ಚೀಲ್ದಲ್ಲಿರೋದು ಅಣ್ಣು! ನೋಡ್ರಪ್ಪಾ!" ಎಂದು ಮುದುಕರು ಚೀಲ ಸುರಿದರು. ಹಣ್ಣುಗಳು ಬೀದಿಗೆಲ್ಲ ಉರುಳಿ, ಕಾಲ ಕೆಳಗೆ ಸಿಕ್ಕಿ ಒಡೆದವು. ಪ್ರತಿವರ್ಷ ಅವರ ಕೈಯಿಂದ ಹಣ್ಣು ಕೊಂಡು ತಿಂದ ಬಾಯಿಗಳೇ ಅವರನ್ನು ಬೈದವು. ಚಿಕ್ಕಪ್ಪ ಮಧ್ಯೆ ನುಗ್ಗಿ ತಡೆಯದಿದ್ದರೆ ಏಟು ಇನ್ನೂ ಬೀಳುತ್ತಿದ್ದವು. ಮುದುಕರು ಖಾಲಿ ಚೀಲ ಅಲ್ಲೇ ಬಿಟ್ಟು, ಅಳುತ್ತ ಹೋದರು.

ಮುದುಕರ ಅಂಗಿಯ ಕೊರಳಪಟ್ಟಿ ಹಿಡಿದಿದ್ದವನು, ಅದಕ್ಕೂ ಮೊದಲು ಮರದ ಹತ್ತಿರ ಓಡಿ ಕಬ್ಬಿಣ ಬಾರಿಸಿದವನು ತಕ್ಕಡಿ ಮಾಮ.

"ಮಕ್ಳು ಜ್ವಾಪಾನ ಕಣ್ರವ್ವಾ. ಕಾಲ ಸರಿಯಿಲ್ಲ" ಎಂದು ಜಗಲಿಯ ಮೇಲೆ ನಿಂತು ಹೇಳಿದ. ಹೆಂಗಸರೆಲ್ಲ ಅವನಿಗೆ ಕೈಮುಗಿದರು. ನಮ್ಮ ಅಜ್ಜಿಯಂತೂ ಅವನಿಗೆ ದೃಷ್ಟಿ ತೆಗೆಯಬೇಕೆಂದಳು. ನನಗೆ ಆಗ ಅನ್ನಿಸಿದ್ದು ಹೆದರಿಕೆಯಲ್ಲ. ಇಷ್ಟೊಂದು ಜನ ದೊಡ್ಡವರು, ಇಷ್ಟೊಂದು ದೊಣ್ಣೆಗಳು, ಎಲ್ಲ ಬೇರೆ ಕಡೆಗೇ ತಿರುಗಿಕೊಂಡಿವೆಯಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು.

ಮರುದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಹಾಸು ಮುಗಿಯಿತು. ಅವ್ವ ನನ್ನನ್ನು ನೋಡದೆ ಹೇಳಿದಳು.

"ಇವ್ಳು ಮಕ ಗಂಟಾಕ್ಕಂಡವ್ಳೆ. ನಾಳೆ ಗಿರಿಜ ಓಗ್ಲಿ ಬುಡು."

ಗಿರಿಜ ಕುಣಿದಳು. ಅವಳಿಗೆ ಹೂ ಮುಡಿಯುವ ಆಸೆ. ಗಿರಿಜಳನ್ನು ಕಳಿಸಬೇಡಿ ಎಂದು ಅಜ್ಜಿಯ ಬಳಿಗೆ ಹೋದೆ. ಗಿರಿಜಳ ಲಾಡಿಗೂ ಒಂದು ಮೊಳೆ ಹುಡುಕಬೇಕೆಂದು ಅಜ್ಜಿ ಎದ್ದಳು. ಚಿಕ್ಕಪ್ಪನಿಗೆ ಹೇಳಿದೆ. "ಅಂಗ್ಡಿ ಎದುರ್ಗೇ ಕಬ್ಣ ಕಟ್ಟಿವ್ನಿ, ಅಲ್ಲಿಗ್ ಯಾವ ಕಳ್ಳ ಬಂದಾನಮ್ಮಿ?" ಎಂದ. ಅಪ್ಪ ಮಗ್ಗದ ಗುಂಡಿಯಲ್ಲಿ ಕೂತು ಕೊನೆಯ ಎಳೆಗಳನ್ನು ಬಿಡಿಸುತ್ತಿದ್ದ. "ಅಪ್ಪ, ಗಿರಿಜ ಬ್ಯಾಡ" ಎಂದೆ. ತಲೆಯೆತ್ತದೆ, "ರೇಸ್ಮೆ ಕೊಡೋರ ಸುದ್ದಿ ನಮ್ಗ್ಯಾಕೆ ಮಗ?" ಎಂದ. ಅಂದರೆ, ನಾನು ಏನು ಹೇಳಲು ಬಂದಿದ್ದೆ ಎಂಬುದು ಅಪ್ಪನಿಗೆ ಸ್ವಲ್ಪವಾದರೂ ಗೊತ್ತಿತ್ತು. ಇದನ್ನು ನಾನು ಬಹಳ ವರ್ಷ ಯೋಚಿಸಿದ್ದೇನೆ.

ಕೊನೆಗೆ ಮತ್ತೆ ಅವ್ವ. ರಾಟೆಯ ಮುಂದೆ ಕೂತು ಅದೇ ಮಾತನ್ನು ಮತ್ತೆ ಹೇಳಿದೆ, ಈ ಸಲ ಎಲ್ಲವನ್ನೂ ಹೇಳಿದೆ. ಅವ್ವ ರಾಟೆಯಿಂದ ಕೈ ತೆಗೆದಳು.

"ನಾನೂ ನಮ್ಮಪ್ಪನ್ ಮಗ್ಗಕ್ಕೆ ರೇಸ್ಮೆ ತಂದಿವ್ನಿ ಕಣೆ, ದೊಡ್ಡೋಳಾಗಗಂಟ. ಆಗ ಬ್ಯಾರೆಯೋರು ತೂಗೋರು. ನಾನೇನ್ ಸತ್ತೋದ್ನಾ?"

ಹೀಗೆಂದು ರಾಟೆಯ ಹಿಡಿಗೆ ಕೈಯಿಟ್ಟಳು. ರಾಟೆ ಮಾತ್ರ ತಿರುಗಲಿಲ್ಲ.

ಆ ವಾಡಿಕೆ ಆ ವರ್ಷವೇ ನಿಂತುಹೋಯಿತು. ಆಮೇಲೆ ರೇಷ್ಮೆ ತರಲು ಗಂಡಸರೇ ಹೋಗತೊಡಗಿದರು. ಯಾಕೆ ನಿಂತಿತು ಎಂದು ಈಗ ಬೀದಿಯ ಹಿರಿಯರನ್ನು ಕೇಳಿದರೆ, ಕಾಲ ಕೆಟ್ಟು ಹಳೆಯ ಪದ್ಧತಿಗಳೆಲ್ಲ ಹೋದವು ಎಂದು ನಿಟ್ಟುಸಿರು ಬಿಡುತ್ತಾರೆ. ನನ್ನ ಬಳಿ ಅಂದಿನಿಂದ ಇಂದಿನವರೆಗೆ ಯಾರೂ ಆ ಮಾತೆತ್ತಿಲ್ಲ. ತಕ್ಕಡಿ ಮಾಮ ಹನೂರಿನ ಕಡೆ ಯಾವುದೋ ಅಂಗಡಿಗೆ ಸೇರಿದನಂತೆ. ಅಲ್ಲಿಯೂ ತಕ್ಕಡಿಯ ಕೆಲಸವೇ ಇರಬೇಕು. ಹನೂರಿನವರಿಗೆ ಯಾರಾದರೂ ಒಂದು ಮಾತು ಹೇಳಿಕಳಿಸಿದರೋ ಎಂದು ಕೇಳಿದ್ದೇನೆ. ಕಳಿಸಿದಂತಿಲ್ಲ. ಹೂಗ್ಯಂ ಅಜ್ಜ ಮತ್ತೆ ನಮ್ಮ ಬೀದಿಗೆ ಬರಲಿಲ್ಲ. ಅವ್ವ ಒಂದೇ ಒಂದು ಕೆಲಸ ಮಾಡಿದಳು. ಗಿರಿಜ ರೇಷ್ಮೆ ತರಲು ಹೊರಟ ದಿನದ ಮಧ್ಯಾಹ್ನ ನನ್ನನ್ನೂ ಅವಳನ್ನೂ ಹತ್ತಿರ ಕರೆದು, ಲಾಡಿಯ ಗಂಟು ಬಿಚ್ಚಿ, ಎರಡೂ ಮೊಳೆಗಳನ್ನು ಚರಂಡಿಗೆ ಎಸೆದಳು.

ವಿಶ್ವವಿದ್ಯಾನಿಲಯದ ಓದು ಮುಗಿಸಿ ಎಷ್ಟೋ ವರ್ಷಗಳಾದ ಮೇಲೆ ಈಗ ಊರಿಗೆ ಹೋದಾಗ ಬೀದಿ ತುಂಬ ಮೌನವಾಗಿ ಕಾಣುತ್ತದೆ. ಹಲವು ಮನೆಗಳಲ್ಲಿ ಮಗ್ಗದ ಗುಂಡಿ ಮುಚ್ಚಿ ಸಿಮೆಂಟು ಬಳಿದಿದ್ದಾರೆ. ಹೊಂಗೆಮರವಿಲ್ಲ, ಕಬ್ಬಿಣವೂ ಇಲ್ಲ. ಯಳಂದೂರಿಗೆ ಮದುವೆಯಾಗಿ ಹೋದ ಗಿರಿಜಳಿಗೆ ಒಂದು ಹೆಣ್ಣುಮಗು. ಹೋದ ತಿಂಗಳು ನೋಡಿದೆ, ಮಗುವಿನ ಸೊಂಟದಲ್ಲಿ ಗಿರಿಜಳ ಅತ್ತೆ ಕಟ್ಟಿದ ತಾಯಿತ. ಗಿರಿಜ ನನ್ನ ಮುಖ ನೋಡಿ, "ತಾಯ್ತ ಇರ್ಲಿ ಬುಡಕ್ಕ, ಕಚ್ಚೋದ್ನೂ ಕಲಿಸಿವ್ನಿ. ಯಾರ್‍ನ ಕಚ್ಬೇಕು ಅಂತ್ಲೂವೆ" ಎಂದಳು. ಅಷ್ಟು ಸಮಾಧಾನ. ಆದರೆ ಕಳೆದುಹೋದದ್ದು ಬೇರೆ. ನಮ್ಮ ಬೀದಿಯ ಜನ ತಪ್ಪು ಕಡೆಗೇ ಓಡಿರಬಹುದು, ಓಡುತ್ತಿದ್ದುದು ನಿಜ. ಒಂದು ಮಗುವಿಗಾಗಿ ಬೀದಿಯ ಮಗ್ಗಗಳೆಲ್ಲ ನಿಲ್ಲುತ್ತಿದ್ದವು. ಇಂದು ಯಾರಾದರೂ ಕಬ್ಬಿಣ ಬಾರಿಸಿದರೆ, ನಿಲ್ಲಲು ಮಗ್ಗಗಳೂ ಇಲ್ಲ, ಓಡಿಬರುವ ಕಾಲುಗಳೂ ಇಲ್ಲ. ಆ ಜನರ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅವರು ಬಂದೇ ಬರುತ್ತಾರೆ ಎಂಬ ನಂಬಿಕೆಯೊಂದೇ ಆಗ ನನ್ನ ಕೈಯಲ್ಲಿದ್ದದ್ದು ಎಂಬುದನ್ನೂ ಮರೆತಿಲ್ಲ.

ಅವ್ವನ ರಾಟೆ ತಿರುಗದೆ ನಿಂತ ಆ ರಾತ್ರಿ ಕಳೆದು, ಮರುದಿನ ಬೆಳಿಗ್ಗೆ ಅವ್ವ ಗಿರಿಜಳಿಗೆ ತಲೆಗೆ ನೀರು ಹಾಕಿ, ಜಡೆ ಹೆಣೆದು, ಕನಕಾಂಬರ ಮುಡಿಸಿದಳು. ಹಿತ್ತಾಳೆ ತಟ್ಟೆ ಹಿಡಿದು ಅವಳು ಬೀದಿಗಿಳಿದಳು. ಅಜ್ಜಿ ಎಲೆಯಡಿಕೆ ಕುಟ್ಟುವ ಕುಟ್ಟಾಣಿಯ ಕಬ್ಬಿಣದ ಕೋಲನ್ನು ಲಂಗದ ಮರೆಯಲ್ಲಿಟ್ಟುಕೊಂಡು ನಾನು ಹಿಂದೆ ಹೋದೆ. ಎರಡೂ ಸಾಲಿನ ಮನೆಗಳಲ್ಲಿ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ಅವನು ಅಂಗಡಿಯ ಹೊಸ್ತಿಲಿಗೇ ಬಂದು, ನಗುತ್ತ, ಗಿರಿಜಳ ಮಣಿಕಟ್ಟು ಹಿಡಿದ. ಅವಳನ್ನು ಒಳಗೆ ಕರೆದೊಯ್ಯುವವರೆಗೆ ನಾನು ಕಾಯಲಿಲ್ಲ. ಹೊಂಗೆಮರದ ಕೆಳಗೆ ನಿಂತು, ಎರಡೂ ಕೈಯಲ್ಲಿ ಕೋಲು ಹಿಡಿದು, ಕಬ್ಬಿಣವನ್ನು ಬಾರಿಸಿದೆ. ನಿಲ್ಲಿಸದೆ ಬಾರಿಸಿದೆ.

ಪಕ್ಕದ ಮನೆಯ ಮಗ್ಗ ನಿಂತಿತು. ಅದರಾಚೆಯದು ನಿಂತಿತು. ನಮ್ಮ ಮನೆಯಲ್ಲಿ ಅವ್ವನ ರಾಟೆ ನಿಂತಿತು. ದೊಣ್ಣೆ ಹಿಡಿದವರು, ಒನಕೆ ಹಿಡಿದವರು ಓಡಿಬಂದು ಸುತ್ತ ನಿಂತರು. ಚಿಕ್ಕಪ್ಪ ಏದುಸಿರು ಬಿಡುತ್ತ, "ಎಲ್ಲಿ ಕಳ್ಳ? ಎಲ್ಲಮ್ಮಿ?" ಎಂದ. ನಾನು ಹೊಸ್ತಿಲಿನ ಕಡೆ ಕೈ ತೋರಿಸಿದೆ. ಗಿರಿಜಳ ಮಣಿಕಟ್ಟು ಇನ್ನೂ ಅವನ ಕೈಯಲ್ಲೇ ಇತ್ತು. ಬೀದಿಯಲ್ಲಿ ಒಂದು ಮಗ್ಗದ ಸದ್ದೂ ಇರಲಿಲ್ಲ. ಅವ್ವನಿಗೆ ಹೇಳಿದ್ದ ಮಾತನ್ನೇ, ಎಲ್ಲರಿಗೂ ಕೇಳುವಂತೆ ಹೇಳಿದೆ.

"ಮಾಮ ಬಾಗ್ಲಾಕ್ಕಂಡು ಕೈ ಬುಡಕ್ಕಿಲ್ಲ."