ಅರಕಲಗೂಡಿನಾಚೆಯ ಬಾವಿಯಲ್ಲಿ ರೋಮನ್ ಅಕ್ಷರ

ಮೈಸೂರಿನಲ್ಲಿ ಬೆಳಗಿನ ರೈಲು ಹತ್ತಿ ಹೊಳೆನರಸೀಪುರದಲ್ಲಿ ಇಳಿದಾಗ ಜಡಿಮಳೆ ಹಿಡಿದಿತ್ತು. ಸ್ಟೇಷನ್ನಿನೆದುರು ಆರಿದ ಇಡ್ಲಿ ತಿಂದು, ಹತ್ತಾಣೆ ಕೊಟ್ಟು ಅರಕಲಗೂಡಿನ ಬಸ್ಸು ಹಿಡಿದೆ. ಆಗ ನಾನು ಹಳೆಯ ಶಾಸನಗಳನ್ನು ಹುಡುಕಿ ಓದುವ ಸರ್ಕಾರಿ ಕಚೇರಿಯಲ್ಲಿದ್ದೆ. ಅರಕಲಗೂಡಿನಾಚೆಯ ಹಳ್ಳಿಯೊಂದರಲ್ಲಿ ಬಾವಿ ತೋಡುವಾಗ ಸಿಕ್ಕಿದ ಚಿನ್ನದ ನಾಣ್ಯವೊಂದು ತಾಲ್ಲೂಕು ಕಚೇರಿಯಿಂದ ನಮ್ಮ ಮೇಜಿಗೆ ಬಂದಿತ್ತು. ನಡುವೆ ಅರಸನ ಮುಖ, ಸುತ್ತ ರೋಮನ್ ಅಕ್ಷರ, ವಯಸ್ಸು ಸುಮಾರು ಎರಡು ಸಾವಿರ ವರ್ಷ. ಈ ಸೀಮೆಯಲ್ಲಿ ಅಂಥ ಬರಹ ಸಿಕ್ಕಿದ್ದನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಬಸ್ಸು ಕೆಸರಿನಲ್ಲಿ ಹೂತಾಗಲೂ ನಾನು ಸಂಭ್ರಮದಲ್ಲಿಯೇ ಇದ್ದೆ.

ಅರಕಲಗೂಡಿನಿಂದ ಎತ್ತಿನ ಗಾಡಿಯಲ್ಲಿ ಹೋದೆ. ಊರಿನ ಪಟೇಲರು ಹೊಲದ ಅಂಚಿಗೆ ಕರೆದೊಯ್ದು ಹಸಿಮಣ್ಣಿನ ತಗ್ಗೊಂದನ್ನು ತೋರಿಸಿದರು.

"ಇದೇಯ ಸಾ, ಬಾವಿ."

"ಮುಚ್ಚಿಬಿಟ್ಟಿದ್ದೀರಲ್ಲ?"

"ತಾನೇ ಮುಚ್ಕತು. ತೋಡ್ತಿದ್ದ ಆಳು ನಂಜ ತಳದಲ್ಲಿದ್ದ. ಒಂದು ಕಾಸು ಮೇಲಕ್ಕೆ ಕಳಿಸ್ದ. ಗಡಿಗೆ ಐತೆ ಅಂತ ಪಕ್ಕಕ್ಕೆ ಕೊರೆಯಕ್ಕೋದ. ದರೆ ಕುಸಿದ್ಬುಡ್ತು."

"ಹೆಣ?"

"ಅಲ್ಲೇ ಅವ್ನೆ ಸಾ. ಇಳಿಯಕ್ಕೆ ಯಾರೂ ಒಪ್ನಿಲ್ಲ. ನಿಧಿ ಇನ್ನೊಂದು ಬಲಿ ಕೇಳ್ತದೆ ಅಂತಾರೆ."

ನಾಣ್ಯದ ಜೊತೆ ಬಂದ ಕಾಗದದಲ್ಲಿ ಈ ಸಾವಿನ ಮಾತೇ ಇರಲಿಲ್ಲ.

ನಂಜನ ಹೆಂಡತಿ ಕೆಂಪಮ್ಮ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬದುವಿನ ಮೇಲೆ ನಿಂತಿದ್ದಳು. ಕಣ್ಣು ಒಣಗಿದ್ದವು.

"ಅಗೀತೀರಾ ಸಾ?" ಎಂದಳು.

ನಾನು ತಗ್ಗಿನ ಅಂಚಿಗೆ ಹೋಗಿ ಹಸಿಮಣ್ಣನ್ನು ನೋಡಿದೆ.

"ಚಿನ್ನಕ್ಕಾದ್ರೂ ಅಗೀರಿ. ಅವ್ನೂ ಈಚೆಗೆ ಬತ್ತಾನೆ."

ಅರಕಲಗೂಡಿಗೆ ಹಿಂದಿರುಗಿ ಮೇಲಧಿಕಾರಿಗೆ ತಂತಿ ಕೊಟ್ಟೆ. ಒಪ್ಪಿಗೆ ಬಂದ ಮೇಲೆ ಹಾಸನದಿಂದ ಬಾವಿ ಕೆಲಸದವರನ್ನೂ ಬಾವಿಯ ಮಗ್ಗುಲ ದರೆ ಕುಸಿಯದಂತೆ ಆನಿಕೆ ಕೊಡಲು ಹಲಗೆಗಳನ್ನೂ ತರಿಸಿದೆ. ಮಳೆ ಬಿಟ್ಟಾಗ ಅಗೆದರು, ಹಿಡಿದಾಗ ಗೋಣಿ ಹೊದ್ದು ಕೂತರು. ಮೂರನೆಯ ದಿನ ಮಧ್ಯಾಹ್ನ ವಾಸನೆ ಮೇಲೆ ಬಂತು. ಆಳುಗಳು ಹೆಂಡ ಕುಡಿದು, ಮೂಗಿಗೆ ಬಟ್ಟೆ ಕಟ್ಟಿ ಇಳಿದರು.

ನಂಜ ಕಂಬಳಿಯಲ್ಲಿ ಸುತ್ತಿಸಿಕೊಂಡು ಮೇಲೆ ಬಂದ. ಅವನ ಎದೆಯಡಿಯಲ್ಲೇ ಗಡಿಗೆ ಒಡೆದಿತ್ತು. ಹೆಣವನ್ನು ಒಯ್ಯುತ್ತಿರುವಾಗ ನಾನು ಬಕೆಟ್ಟಿನ ಮುಂದೆ ಕೂತು ನಾಣ್ಯ ತೊಳೆದೆ. ಒಂದೊಂದರಲ್ಲೂ ಅಕ್ಷರ ಮೊನ್ನೆ ಕೊರೆದಂತೆ ಎದ್ದು ಬಂತು. ಹಿಂದಿನಿಂದ ಹೆಂಗಸರ ಅಳು ಕೇಳಿಸುತ್ತಿತ್ತು.

ಮರುದಿನ ಪಟೇಲರ ಜಗಲಿಯಲ್ಲಿ ನಾಣ್ಯಗಳ ಗಂಟು ಕಟ್ಟುತ್ತಿದ್ದಾಗ ಕೆಂಪಮ್ಮ ಬಂದಳು.

"ಅದ್ರಲ್ಲಿ ಏನು ಬರ್ದೈತೆ ಸಾ?"

"ಒಬ್ಬ ಅರಸನ ಹೆಸರು. ನಾಡಿಗೆಲ್ಲ ತಂದೆ ಅಂತ ಬರೆಸಿದ್ದಾನೆ."

"ಅವ್ನೂ ಸತ್ತೋಗವ್ನಾ?"

"ಎಷ್ಟೋ ಕಾಲವಾಯಿತು."

"ಮಣ್ಣು ಮಾಡಿದ್ರಾ?"

"ಅರಸನಲ್ಲವೇ ಅಮ್ಮ, ಮಾಡಿರುತ್ತಾರೆ."

ಅವಳು ತಲೆಯಾಡಿಸಿ, ಮಗುವನ್ನು ಇನ್ನೊಂದು ಮಗ್ಗುಲಿಗೆ ಬದಲಿಸಿಕೊಂಡು ಹೋದಳು.

ನಾಣ್ಯಗಳನ್ನು ಹಾಸನದ ಖಜಾನೆಗೆ ಒಪ್ಪಿಸಲು ಗಾಡಿ ಹತ್ತಿದೆ. ಹೊಲದ ಬಳಿ ಗಾಡಿ ನಿಲ್ಲಿಸಿ ಇಣುಕಿದೆ. ಬಾವಿಯ ತಳದಲ್ಲಿ ಮೊಣಕಾಲುದ್ದ ತಿಳಿನೀರು ನಿಂತಿತ್ತು. ಗಾಡಿಯವನು ಎತ್ತುಗಳನ್ನು ಅತ್ತ ಬಿಡದೆ, ನೀರು ಕುಡಿಸಲು ಮುಂದಿನ ಊರಿನ ಕೆರೆಯವರೆಗೆ ಹೊಡೆದುಕೊಂಡು ಹೋದ.