ಅರ್ಧ ಬೋಳಿಸಿದ ಹೊಟ್ಟೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪ್ರಾಣಿ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಎಲ್ಲರ 'ಮಷಿನ್ ಅಕ್ಕ' ಕೂದಲು ತೆಗೆಯುವ ಯಂತ್ರಕ್ಕೆ ಎಣ್ಣೆ ಬಿಟ್ಟು, ಸ್ವಲ್ಪ ಹೊತ್ತು ಓಡಿಸಿ, ಬ್ಲೇಡನ್ನು ತನ್ನದೇ ಮಣಿಕಟ್ಟಿಗೆ ಒತ್ತಿ ನೋಡಿ, ಅವರ ಕೆಲಸ ನೋಡಲು ಬಂದ ನನಗೆ ಹೇಳುತ್ತಾರೆ, "ನನಗೆ ಚುರ್ ಅಂದ್ರೆ ಅವಕ್ಕೂ ಚುರ್ ಅನ್ನುತ್ತಲ್ವಾ?"

ಆಪರೇಷನ್‌ಗೆ ಮುಂಚೆ ನಾಯಿ ಬೆಕ್ಕುಗಳ ಕೂದಲು ಬೋಳಿಸುವುದು ಇವರ ಕೆಲಸ. ದಿನಕ್ಕೆ ಐದಾರು ಹೊಟ್ಟೆ, ಒಂದೆರಡು ಕಾಲು. ಹೊಲಿಗೆ ಹಾಕಿದ ಡಾಕ್ಟರನ್ನು ಎಲ್ಲರೂ ನೆನೆಯುತ್ತಾರೆ. ಬೋಳಿಸಿದವರನ್ನು ನೆನಪಿಡುವುದು ಬೆಕ್ಕುಗಳು ಮಾತ್ರ, ಅವೂ ಸಿಟ್ಟಿನಿಂದ. ಅಕ್ಕನ ಮೊಣಕೈವರೆಗೂ ಗೀರುಗಳಿವೆ. ಮೊದಲು ಹೆಂಗಸರ ಸಲೂನಿನಲ್ಲಿದ್ದರು. ಗಂಡ ಹಾಸಿಗೆ ಹಿಡಿದ ವರ್ಷವೇ ಸಲೂನೂ ಬಾಗಿಲು ಹಾಕಿತು. ಸಿಕ್ಕಿದ ಕೆಲಸ ಇದು. "ಅಲ್ಲಿ ಎಷ್ಟು ಚೆನ್ನಾಗಿ ಕತ್ತರಿಸಿದ್ರೂ ಕನ್ನಡಿ ನೋಡಿ ಮುಖ ಸಿಂಡರಿಸ್ತಿದ್ರು. ಇಲ್ಲಿ ಕನ್ನಡಿನೇ ಇಲ್ಲ, ನೆಮ್ಮದಿ!"

ಮಷಿನ್ ಹಿಡಿಯುವ ಮುಂಚೆ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ "ನಿಮಗೆ ಒಪ್ಪಿಗೆನಾ?" ಎಂದು ಕೇಳುವುದು ಇವರ ಕ್ರಮ. ಅಷ್ಟರಲ್ಲಿ ಡಾಕ್ಟರು ಕೇಳಿ, ಸಹಿಯೂ ಬಿದ್ದಿರುತ್ತದೆ. ಆದರೂ ಕೇಳದೆ ಬಿಡುವವರಲ್ಲ.

ಇವತ್ತು ಮೇಜಿನ ಮೇಲಿರುವುದು ಕಂದು ಬಣ್ಣದ ಮುದಿ ಹೆಣ್ಣು ನಾಯಿ. ಮನೆಯಲ್ಲಿ ಕರೆಯುವುದೇ 'ಅಜ್ಜಿ' ಅಂತ. ಹೊಟ್ಟೆಯಲ್ಲಿ ಗಡ್ಡೆ. ತೆಗೆದರೆ ಒಂದೆರಡು ವರ್ಷ ಸಿಗಬಹುದು, ಆದರೆ ಹೃದಯ ದುರ್ಬಲ, ಮೇಜಿನಿಂದ ಏಳದೆಯೂ ಇರಬಹುದು. ತೆಗೆಯದಿದ್ದರೆ ನೋವಿಗೆ ಮಾತ್ರೆ, ಮೆತ್ತಗಿನ ಊಟ, ಇನ್ನು ಕೆಲವು ತಿಂಗಳು. ಡಾಕ್ಟರು ಎರಡನ್ನೂ ಬಿಡಿಸಿ ಹೇಳಿದ್ದಾರೆ. ನಾಯಿಯ ಯಜಮಾನರು, ನಿವೃತ್ತ ಬಸ್ ಕಂಡಕ್ಟರ್, "ತೆಗೆದೇ ಬಿಡಲಿ" ಎಂದಿದ್ದಾರೆ. ಅಕ್ಕ ಅವರ ಹೆಂಡತಿಯತ್ತ ತಿರುಗಿದರೆ ಸಿಕ್ಕ ಉತ್ತರ, "ಅವರು ಹೇಳ್ದಂಗೆ."

ಅದನ್ನೇ ಒಪ್ಪಿಗೆ ಎಂದುಕೊಂಡು ಅಕ್ಕ ಮಷಿನ್ ಓಡಿಸುತ್ತಾರೆ. ಕೂದಲು ರಾಶಿರಾಶಿಯಾಗಿ ಬೀಳುತ್ತದೆ. ಗುಂಡಗೆ ಕಾಣುತ್ತಿದ್ದ ಅಜ್ಜಿಯ ಪಕ್ಕೆಯಲ್ಲಿ ಈಗ ಎಲುಬು, ಸಡಿಲ ಚರ್ಮ, ಅದರಡಿ ಡವಡವ ಎನ್ನುವ ಎದೆ. ತಲೆ ಹಿಡಿದು ನಿಂತಿದ್ದ ಕಂಡಕ್ಟರ್ ನೋಡುತ್ತಲೇ ಇದ್ದಾರೆ.

"ಇಷ್ಟೇನಾ ಇವಳು?" ಎನ್ನುತ್ತಾರೆ. "ನಿಲ್ಸಮ್ಮಾ. ಬೇಡ."

"ನಾನು ನಿನ್ನೆಯಿಂದ ಬೇಡ ಅಂತಾನೇ ಇದ್ದೆ," ಎನ್ನುತ್ತಾರೆ ಹೆಂಡತಿ. "ಮನಸ್ಸಲ್ಲಿ."

"ಮನಸ್ಸಲ್ಲಿ ಅಂದ್ರೆ ನಂಗೆ ಹೇಗೆ ಕಣೇ ಗೊತ್ತಾಗ್ಬೇಕು!"

ಇಬ್ಬರ ಕಣ್ಣೂ ತುಂಬಿದೆ. ಅಜ್ಜಿಗೆ ಇದ್ಯಾವುದೂ ಬೇಕಿಲ್ಲ. ಒಂದು ಮಗ್ಗುಲಿಗೆ ತಂಪಾಗಿದ್ದು ಹಿಡಿಸಿರಬೇಕು, ನಿಧಾನಕ್ಕೆ ಹೊರಳಿ ಇನ್ನೊಂದು ಮಗ್ಗುಲನ್ನೂ ಮಷಿನ್‌ಗೆ ಒಡ್ಡುತ್ತದೆ. ಅಳುತ್ತಿದ್ದವರು ಹಾಗೇ ನಕ್ಕುಬಿಡುತ್ತಾರೆ. ಸದ್ದು ಕೇಳಿ ಬಂದ ಡಾಕ್ಟರು ಬೇಸರಿಸಿಕೊಳ್ಳುವುದಿಲ್ಲ. "ಇದೂ ಚಿಕಿತ್ಸೆನೇ," ಎಂದು ನೋವಿನ ಮಾತ್ರೆ ಬರೆದುಕೊಡುತ್ತಾರೆ.

ತಪ್ಪು ತನ್ನದೇ ಎಂಬುದು ಅಕ್ಕನ ವಾದ. "'ಅವರು ಹೇಳ್ದಂಗೆ' ಅಂದ್ರೆ ಒಪ್ಪಿಗೆ ಅಲ್ಲ ಅಂತ ನಂಗೆ ಗೊತ್ತಾಗ್ಬೇಕಿತ್ತು. ಮದುವೆಯಾದಾಗಿಂದ ನಾನೂ ಅದನ್ನೇ ಹೇಳ್ಕೊಂಡು ಬಂದಿದೀನಲ್ಲ!"

ಹಾಗಾದರೆ ಮುದಿ ಪ್ರಾಣಿಗೆ ಆಪರೇಷನ್ ಬೇಡವೆನ್ನುತ್ತೀರಾ ಎಂದು ನಾನು ಕೇಳಿದರೆ, ಇಲ್ಲವೆಂದು ಜೋರಾಗಿ ತಲೆಯಾಡಿಸುತ್ತಾರೆ. "ಯಾರು ಹೇಳಿದ್ದು? ಹೋದ ವಾರ ಇಷ್ಟೇ ವಯಸ್ಸಾದ ಬೆಕ್ಕು ಗಡ್ಡೆ ತೆಗೆಸ್ಕೊಂಡು ಎದ್ದು, ಮೊದಲು ನನ್ನ ಕೈಗೇ ಉಗುರು ಹಾಕ್ತು. ಎಷ್ಟು ಖುಷಿಯಾಯ್ತು ಗೊತ್ತಾ?"

ಅರ್ಧ ಬೋಳಾದ ಅಜ್ಜಿ ರಾಣಿಯ ಗತ್ತಿನಲ್ಲಿ ಕಂಡಕ್ಟರ ತೋಳೇರಿ ಹೊರಟಿದೆ. ಬಾಗಿಲಲ್ಲಿ ಹೆಂಡತಿ ತಿರುಗಿ, ಕೂದಲು ಮತ್ತೆ ಬರಲು ಎಷ್ಟು ದಿನ ಬೇಕೆಂದು ಕೇಳುತ್ತಾರೆ.

"ಮೂರು ನಾಲ್ಕು ತಿಂಗಳಮ್ಮಾ. ಬಂದ ಮೇಲೆ ಒಂದ್ಸಲ ತೋರಿಸ್ಕೊಂಡು ಹೋಗಿ."

ಅವರು ಬೀದಿ ತಿರುಗುವವರೆಗೂ ಅಕ್ಕ ಅಲ್ಲೇ ನಿಂತಿರುತ್ತಾರೆ. ಆಮೇಲೆ ಪೊರಕೆ ಹಿಡಿದು ನೆಲದ ಕಂದು ಕೂದಲನ್ನು ಗುಡ್ಡೆ ಮಾಡುತ್ತಾ ನನಗೆ ಹೇಳುತ್ತಾರೆ, "ನನಗೇನು ದೊಡ್ಡ ಆಸೆ ಇಲ್ಲ. ಅದರ ಕೂದಲು ಪೂರ್ತಿ ಬೆಳೀಲಿ, ಅಷ್ಟು ಸಾಕು."