ಪುಕ್ಕಟೆ ಕೊಡಲು ಒಂದು ಸಹಿ

ಒಂದು ಆಕಾರವನ್ನು ಹಂತಹಂತವಾಗಿ ಇನ್ನೊಂದು ಆಕಾರಕ್ಕೆ ಬದಲಿಸುವ, ಎಲ್ಲರಿಗೂ ಪುಕ್ಕಟೆ ಸಿಗುವ ಮುಕ್ತ ತಂತ್ರಾಂಶವೊಂದಕ್ಕೆ ಮೂರು ತಿಂಗಳು ಕೂತು ಕೋಡ್ ಬರೆದಿದ್ದೆ. ಆ ತಂತ್ರಾಂಶ ನಡೆಸುವವರು ಅದನ್ನು ಸೇರಿಸಿಕೊಳ್ಳಬೇಕಾದರೆ, ಕೋಡ್ ಮೇಲೆ ತನಗೆ ಹಕ್ಕಿಲ್ಲವೆಂದು ನಾನು ಪಾಠ ಮಾಡುವ ಕಾಲೇಜು ಬರೆದುಕೊಡಬೇಕಿತ್ತು. ಗಡುವು ಅಂದೇ ಸಂಜೆ ಐದಕ್ಕೆ. ಪ್ರಾಂಶುಪಾಲರು ಯಲವಿಗಿ ನಿಲ್ದಾಣಕ್ಕೆ ಹೋಗಿ ರೈಲು ಹಿಡಿಯಲು ಚೀಲ ಹೆಗಲಿಗೇರಿಸಿ ನಿಂತಿದ್ದರು. ಬರೆದು ತಂದ ಪತ್ರವನ್ನು ಮುಂದಿಟ್ಟೆ; ಅವರು ಪೆನ್ನು ತೆಗೆದರು.

"ಪುಕ್ಕಟೆ ಕೊಡಾಕ ನನ್ನ ಸಹಿ ಯಾಕ ಬೇಕ್ರಿ?"

"ಅವರ ನಿಯಮ ಐತ್ರಿ ಸರ್."

"ಎಲ್ಲಿ ಕುಂತು ಬರದ್ರಿ ಇದನ್ನ?"

ಮನೆಯಲ್ಲಿ ಎಂದಷ್ಟೇ ಹೇಳಿದ್ದರೆ ಮುಗಿಯುತ್ತಿತ್ತು.

"ಮನ್ಯಾಗ್ರಿ. ಎರಡು ದಿನ ಮಾತ್ರ ನಮ್ಮ ಲ್ಯಾಬಿನ ಕಂಪ್ಯೂಟರ್ ಮ್ಯಾಲ."

ಅವರು ಪೆನ್ನಿಗೆ ಮುಚ್ಚಳ ಹಾಕಿದರು. "ಅಂದ್ರ ಎರಡು ದಿನದ್ದು ಕಾಲೇಜಿಂದಾತು. ಹಕ್ಕಿಲ್ಲ ಅಂತ ಹೆಂಗ ಬರೀಲಿ?"

ಗಡಿಯಾರದಲ್ಲಿ ನಾಲ್ಕೂವರೆ. ಹೊರಗೆ ಆಟೋದವನು ಹಾರ್ನ್ ಹೊಡೆಯುತ್ತಿದ್ದ.

ಅವರು ಚೀಲ ಇಳಿಸಿ ಕೂತರು. 'ಹಕ್ಕಿಲ್ಲ' ಎಂಬುದನ್ನು ಹೊಡೆದುಹಾಕಿ, 'ಇರುವ ಹಕ್ಕನ್ನು ಸಂತೋಷದಿಂದ ಬಿಟ್ಟುಕೊಟ್ಟಿದ್ದೇವೆ' ಎಂದು ಬರೆದು ಸಹಿ ಹಾಕಿದರು.

"ದಾನ ಕೊಟ್ಟಮ್ಯಾಲ ಕಾಲೇಜಿನ ಹೆಸರು ಹಾಕಸ್ರಿ ಮತ್ತ!"

ಕೋಡ್ ಸೇರಿತು. ಕೊಡುಗೆ ನೀಡಿದವರ ಪಟ್ಟಿಯಲ್ಲಿ ಎರಡು ದಿನ ಕೊಟ್ಟ ಕಾಲೇಜು ಮೇಲಿದೆ, ಮೂರು ತಿಂಗಳು ಕೊಟ್ಟ ನಾನು ಕೆಳಗಿದ್ದೇನೆ. ಅಕ್ಷರಮಾಲೆಯ ಕ್ರಮವಂತೆ.